ಕೋಟೆಗೆ ಕಟ್ಟಿಟ್ಟ ಮುಡಿಪು

ಮೊಮ್ಮಗಳಿಗೆ ಸರ್ಕಾರಿ ಹೈಸ್ಕೂಲಿನಲ್ಲಿ ಟೀಚರ್ ಕೆಲಸ ಸಿಕ್ಕಿದೆ. ಈ ಸುದ್ದಿಯನ್ನು ನಾನು ಯಾರಿಗೆಲ್ಲ ಹೇಳಿದೆ ಎಂಬುದಕ್ಕೆ ಲೆಕ್ಕವಿಲ್ಲ. ಹಾಲು ತರುವವಳಿಗೆ ಹೇಳಿದೆ, ಇಸ್ತ್ರಿ ಗಾಡಿಯವನಿಗೆ ಹೇಳಿದೆ, ಕರೆಂಟು ಮೀಟರು ನೋಡಲು ಬಂದವನನ್ನು ಕೂರಿಸಿ ಕಾಫಿ ಕೊಟ್ಟು ಹೇಳಿದೆ. ಅವನು ಕಾಫಿ ಕುಡಿದು, "ರೊಂಬ ಸಂತೋಷಂ ಪಾಟ್ಟಿ", ಬಹಳ ಸಂತೋಷ ಅಜ್ಜಿ ಎಂದು ತಮಿಳಿನಲ್ಲಿ ಹೇಳಿ ಎದ್ದ. ನಾನು ಇನ್ನೂ ಹೇಳುವವಳಿದ್ದೆ. ಮಗಳು ಒಳಗಿನಿಂದ, "ಅಮ್ಮಾ, ಅವನಿಗೆ ಇಡೀ ಬೀದಿಯ ಮೀಟರ್ ನೋಡ್ಲಿಕ್ಕುಂಟು, ಬಿಡು" ಎಂದು ಕೂಗಿದಳು. ಬಿಡುವುದು ಹೇಗೆ? ಸಂತೋಷ ಹೊಟ್ಟೆಯೊಳಗೆ ನಿಲ್ಲುವ ವಸ್ತುವಲ್ಲ. ಒಲೆಯ ಮೇಲಿನ ಹಾಲು, ಮುಚ್ಚಳ ಹಾಕಿದರೆ ಇನ್ನೂ ಬೇಗ ಉಕ್ಕುತ್ತದೆ.

ಮೊನ್ನೆ ಮೊದಲನೆಯ ಸಂಬಳ ಬಂತು. ತಂದು ನನ್ನ ಕೈಯಲ್ಲಿಟ್ಟು ಕಾಲಿಗೆ ಬಿದ್ದಳು. "ಅಜ್ಜೀ, ನೋಡು, ಗೌರ್ನಮೆಂಟ್ ದುಡ್ಡು" ಎಂದು ನಕ್ಕಳು. ನಾನು ನಗುತ್ತಾ ನಗುತ್ತಾ ಅತ್ತುಬಿಟ್ಟೆ. ಯಾಕೆಂದು ಅವಳಿಗೆ ತಿಳಿಯಲಿಲ್ಲ. ಅವಳ ತಾಯಿಗೆ, ಅಂದರೆ ನನ್ನ ಮಗಳಿಗೆ, ತಿಳಿಯಿತು. ಅವಳು ಎದ್ದು ಅಡುಗೆಮನೆಗೆ ಹೋದಳು. ನಮ್ಮ ಮನೆಯಲ್ಲಿ 'ಗೌರ್ನಮೆಂಟ್ ದುಡ್ಡು' ಎಂಬ ಮಾತಿನ ಹಿಂದೆ ಒಂದು ಓದು ನಿಂತುಹೋದ ಕಥೆಯಿದೆ. ನನ್ನ ಮಗಳ ಓದು.

ನಾವು ಉಡುಪಿಯ ಕಡೆಯವರು. ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೆ ಒಂದೆರಡು ವರ್ಷ ಮುಂಚೆ ಮದುವೆಯಾಗಿ ನಾನು ಮದ್ರಾಸಿಗೆ ಬಂದೆ. ನಮ್ಮವರಿಗೆ ತ್ರಿಪ್ಲಿಕೇನಿನ ಒಂದು ಸಂದಿಯಲ್ಲಿ ಸಣ್ಣ ಹೋಟೆಲಿತ್ತು. ಮುಂದೆ ಅಮೃತಶಿಲೆಯ ಕಲ್ಲಿನ ಕೆಲವು ಮೇಜು, ಹಿಂದೆ ಅಡುಗೆಮನೆ, ಮೇಲೆ ನಾವಿರುವ ಕೋಣೆ. ಬೆಳಿಗ್ಗೆ ಕಿಟಕಿ ತೆರೆದರೆ ಒಂದು ಕಡೆಯಿಂದ ಸಮುದ್ರದ ಗಾಳಿ, ಇನ್ನೊಂದು ಕಡೆಯಿಂದ ನಮ್ಮದೇ ಸಾಂಬಾರಿನ ಹೊಗೆ. ಸುತ್ತಮುತ್ತಲ ಲಾಡ್ಜುಗಳಲ್ಲಿ ಇರುವ ಒಂಟಿ ಗಂಡಸರು, ಚೇಪಾಕದ ಸರ್ಕಾರಿ ಕಚೇರಿಗಳ ಗುಮಾಸ್ತರು, ಇವರೇ ನಮ್ಮ ಗಿರಾಕಿಗಳು. ನಮ್ಮವರು ಬಾಗಿಲ ಪಕ್ಕದ ಗಲ್ಲಾದಲ್ಲಿ ಕೂರುತ್ತಿದ್ದರು. ಬಡಿಸುವ ಮಾಣಿ ಒಳಗಿನಿಂದ "ಕನ್ನಡಕದವರು ಆರಾಣೆ" ಎಂದು ಕೂಗುತ್ತಿದ್ದ, ಕನ್ನಡಕದವರು ಬಂದು ಆರಾಣೆ ಇಟ್ಟು ಹೋಗುತ್ತಿದ್ದರು. ಕಾಗದವೂ ಇಲ್ಲ, ಪೆನ್ಸಿಲೂ ಇಲ್ಲ.

ಆ ಸುಖಕ್ಕೆ ಕಲ್ಲು ಬಿದ್ದದ್ದು ಸೇಲ್ಸ್ ಟ್ಯಾಕ್ಸಿನಿಂದ. ವ್ಯಾಪಾರ ಸ್ವಲ್ಪ ಬೆಳೆಯಿತು. ಬೆಳೆದದ್ದು ಕಚೇರಿಯವರ ಕಣ್ಣಿಗೂ ಬಿತ್ತು. ಇನ್ನು ಮೇಲೆ ಪ್ರತಿ ಗಿರಾಕಿಗೂ ಬಿಲ್ಲು ಕೊಡಬೇಕು, ಬಿಲ್ಲಿನ ಮೇಲೆ ಇಷ್ಟು ಕಾಸು ತೆರಿಗೆ ಸೇರಿಸಿ ತೆಗೆದುಕೊಂಡು ಸರ್ಕಾರಕ್ಕೆ ಕಟ್ಟಬೇಕು ಎಂದಾಯಿತು. ಗಿರಾಕಿಗಳು ಗಲ್ಲಾದ ಮುಂದೆ ನಿಂತು ಜಗಳ ತೆಗೆದರು.

"ಇಡ್ಲಿಕ್ಕು ಕೂಡ ವರಿಯಾ ಸಾಮೀ?" ಎಂದು ಒಬ್ಬ ಪ್ರೆಸ್ಸಿನ ಕೆಲಸದವನು ಕೇಳಿದ. ಇಡ್ಲಿಗೂ ತೆರಿಗೆಯಾ ಎಂದು. "ಹಾಗಾದರೆ ಚಟ್ನಿಗೆ ಎಷ್ಟು? ನಾನು ಚಟ್ನಿ ಎರಡು ಸಲ ಹಾಕಿಸಿಕೊಂಡೆ."

"ಚಟ್ನಿ ಧರ್ಮಕ್ಕೆ, ಮಾರಾಯ. ಇಡ್ಲಿ ಮಾತ್ರ ಸರ್ಕಾರಕ್ಕೆ" ಎಂದರು ನಮ್ಮವರು, ತಮ್ಮ ಮುರುಕು ತಮಿಳಿನಲ್ಲಿ.

ಈ ತೆರಿಗೆ ಯಾಕೆ, ಎಲ್ಲಿಗೆ ಹೋಗುತ್ತದೆ ಎಂದು ನಮಗೆ ಹೇಳಿಕೊಟ್ಟವರು ಒಬ್ಬ ಗಿರಾಕಿ. ತಲೆಮಾರುಗಳಿಂದ ಮದ್ರಾಸಿನಲ್ಲಿ ನೆಲೆಸಿದ ಕನ್ನಡದ ವೈಷ್ಣವರು. ಸರ್ಕಾರ ನಡೆಯುವ ಹಳೆಯ ಕೋಟೆಯೊಳಗೆ, ಸೆಕ್ರೆಟರಿಯೇಟಿನಲ್ಲಿ ಹಣಕಾಸಿನ ಕೆಲಸ. ನನ್ನ ಮಗಳು ಅವರನ್ನು ಕೋಟೆ ಮಾಮ ಎಂದು ಕರೆಯುತ್ತಿದ್ದಳು. ಕಡೆಗೆ ಎಲ್ಲರಿಗೂ ಅವರು ಕೋಟೆ ಮಾಮನೇ ಆದರು. ಅವರ ಕನ್ನಡದಲ್ಲಿ ಅರ್ಧ ತಮಿಳು, ಉಳಿದರ್ಧದಲ್ಲಿ ಇಂಗ್ಲಿಷು. ಆದರೆ ವಿಷಯ ಹೇಳಿದರೆ ನಾಲ್ಕನೇ ಕ್ಲಾಸು ಓದಿದ ನನಗೂ ತಿಳಿಯುತ್ತಿತ್ತು.

"ನೋಡಿ ರಾಯರೇ," ಎಂದರು, ಡಿಕಾಕ್ಷನ್ ಜಾಸ್ತಿ ಹಾಕಿದ ಕಾಫಿಯನ್ನು ಆರಿಸುತ್ತಾ. "ಮುಂಚೆ ಗೌರ್ನಮೆಂಟಿಗೆ ವರುಮಾನ ಎಲ್ಲಿಂದ? ಸಾರಾಯಿ ಕಡೈಯಿಂದ, ಅಂಗಡಿಯಿಂದ. ಆಮೇಲೆ ಪ್ರೊಹಿಬಿಷನ್ ಅಂತ ಸಾರಾಯಿ ಮುಚ್ಚಿಬಿಟ್ಟರು. ದುಡ್ಡು ಪೋಚ್ಚು, ಹೋಯ್ತು. ಅದಕ್ಕೆ ಸೇಲ್ಸ್ ಟ್ಯಾಕ್ಸ್."

"ಕುಡಿಯುವವರು ಬಿಟ್ಟದ್ದಕ್ಕೆ ಇಡ್ಲಿ ತಿನ್ನುವವರು ದಂಡ ಕೊಡಬೇಕು ಅಂತಾಯ್ತು" ಎಂದೆ ನಾನು, ಒಳಬಾಗಿಲಿನಿಂದ.

"ಅಪ್ಪಡಿ ಇಲ್ಲಮ್ಮಾ! ಅದರಲ್ಲಿ ತಾನೇ ಮಕ್ಕಳು ಓದುವ ಪಳ್ಳಿಕೂಡ, ಆಸ್ಪತ್ರೆ, ರೋಡು, ಡ್ಯಾಮು, ಎಲ್ಲಾ? ನನ್ನ ಸಂಬಳ ಕೂಡ ಅದರಲ್ಲೇ. ಆ ಸಂಬಳದಲ್ಲಿ ನಾನು ಇಲ್ಲಿ ಬಂದು ಇಡ್ಲಿ ತಿಂತೀನಿ, ಟ್ಯಾಕ್ಸ್ ಕೊಡ್ತೀನಿ. ಸುತ್ತಿ ಸುತ್ತಿ ಬರುತ್ತೆ."

ನಮ್ಮವರಿಗೆ ಈ ಸುತ್ತುವ ಮಾತು ಹಿಡಿಸಲಿಲ್ಲ. ಅವರು ಒಂದೇ ಪ್ರಶ್ನೆ ಕೇಳಿದರು: "ಗಿರಾಕಿ ಕೊಟ್ಟ ಆ ತೆರಿಗೆಯ ಕಾಸು ನನ್ನ ಕೈಯಲ್ಲಿರುವಾಗ ಯಾರದು?"

"ನಿಮ್ಮದಿಲ್ಲ. ಗೌರ್ನಮೆಂಟಿಂದು. ನೀವು ಸುಮ್ಮನೆ ಭದ್ರವಾಗಿ ಇಟ್ಟಿದ್ದೀರಿ, ಅಷ್ಟೇ."

ಆ ಒಂದು ಮಾತು ನಮ್ಮವರ ತಲೆಯೊಳಗೆ ಹೋಗಿ ಕೂತಿತು. ನಮ್ಮ ಊರ ಕಡೆ ಮನೆಮನೆಯಲ್ಲಿ ಮುಡಿಪು ಕಟ್ಟುವ ಪದ್ಧತಿಯುಂಟು. ಕಾಯಿಲೆಯೋ ಕಷ್ಟವೋ ಬಂದಾಗ ವೆಂಕಟರಮಣನಿಗೆ ಹರಕೆ ಹೇಳಿ, ಅರಸಿನ ಹಚ್ಚಿದ ಬಟ್ಟೆಯಲ್ಲಿ ದುಡ್ಡು ಹಾಕುತ್ತಾ ಹೋಗುವುದು. ಅದು ಮನೆಯಲ್ಲೇ ಇರುತ್ತದೆ, ಆದರೆ ಮನೆಯದಲ್ಲ. ಮಗು ಹಸಿದರೂ ಅದನ್ನು ಮುಟ್ಟುವಂತಿಲ್ಲ. ನಮ್ಮವರು ಮಾರನೆಯ ದಿನವೇ ಒಂದು ತಗಡಿನ ಡಬ್ಬಿ ತಂದರು. ಒಳಗೆ ಅರಸಿನದ ಬಟ್ಟೆ ಹಾಸಿದರು. ಗಲ್ಲಾ ಮುಚ್ಚುವ ಮುಂಚೆ ತೆರಿಗೆಯ ಕಾಸನ್ನು ಬೇರೆ ಮಾಡಿ ಅದರಲ್ಲಿ ಹಾಕಿ, ದೇವರ ಪಟದ ಕೆಳಗೆ ಇಟ್ಟರು. ತೆರಿಗೆ ಕಟ್ಟುವ ದಿನ ಬಂದರೆ ತಲೆಗೆ ಸ್ನಾನ, ಒಗೆದ ಪಂಚೆ, ಹಣೆಗೆ ಗಂಧ. ಕಚೇರಿಯ ಸಾಲಿನಲ್ಲಿ ಎಲ್ಲರೂ ಬೆವರುತ್ತಾ ಬೈಯುತ್ತಾ ನಿಂತಿದ್ದರೆ ಇವರು ಮಾತ್ರ ದರ್ಶನಕ್ಕೆ ನಿಂತವರ ಹಾಗೆ ಡಬ್ಬಿಯನ್ನು ಎದೆಗೆ ಹಿಡಿದು ನಿಂತಿರುತ್ತಿದ್ದರಂತೆ.

ಬೇರೆ ಹೋಟೆಲಿನವರು ಅವರನ್ನು ಕಂಡರೆ ನಗುತ್ತಿದ್ದರು. ಪಕ್ಕದ ಬೀದಿಯ ಹೋಟೆಲಿನ ಯಜಮಾನರೊಬ್ಬರು, ಅವರೂ ನಮ್ಮ ಕಡೆಯವರೇ, ಬಂದು ಬುದ್ಧಿ ಹೇಳಿದರು. "ಎಂತ ಮಾರಾಯ್ರೆ ನೀವು? ಮಾರಿದ್ದೆಲ್ಲ ತೋರಿಸ್ಲಿಕ್ಕೆ ಉಂಟಾ? ಹೀಗಾದ್ರೆ ನಾವೆಲ್ಲ ಕಳ್ಳರು ಅಂತ ಆಗ್ತದೆ."

"ನಾನು ಹಾಗೆ ಹೇಳ್ಲಿಲ್ಲ. ನೀವೇ ಹೇಳುದು" ಎಂದರು ನಮ್ಮವರು.

ಇಂಥವರನ್ನು ಕಟ್ಟಿಕೊಂಡೆನಲ್ಲ ಎಂದು ನನಗೆ ಹೆಮ್ಮೆ ಇತ್ತು. ಈಗಲೂ ಇದೆ. ಹೆಮ್ಮೆಯೂ ದುಃಖವೂ ಒಂದೇ ಮನುಷ್ಯನಿಂದ ಬಂದರೆ ಬಿಡಿಸುವುದು ಕಷ್ಟ. ಆ ನಡತೆಯ ಜೊತೆಗೇ ಇನ್ನೊಂದು ನಿಯಮವೂ ಅವರ ಮನಸ್ಸಿನಲ್ಲಿ ಬೆಳೆಯಿತು. ಮುಡಿಪು ಕಟ್ಟಿದವರು ಮುಡಿಪಿನ ದುಡ್ಡಿಗೆ ಕೈ ಚಾಚಬಾರದು. ಹುಂಡಿಗೆ ಹಾಕಿದ ಕೈಯೇ ಹುಂಡಿಯಿಂದ ತೆಗೆಯಬಾರದು. ತೆರಿಗೆ ಮುಡಿಪಾದ ಮೇಲೆ, ಸರ್ಕಾರ ಆ ದುಡ್ಡಿನಿಂದ ಕೊಡುವುದು ಏನೇ ಇರಲಿ, ನಮಗೆ ಅದು ವರ್ಜ್ಯ. ಇಂಥ ಲೆಕ್ಕಾಚಾರ ನಮ್ಮ ಕರಾವಳಿಯ ಹೋಟೆಲಿನವನ ತಲೆಯಲ್ಲಿ ಬಿಟ್ಟು ಬೇರೆ ಯಾರ ತಲೆಯಲ್ಲೂ ಹುಟ್ಟಲಿಕ್ಕಿಲ್ಲ.

ಮೊದಲು ಅದು ತಮಾಷೆಯ ಹಾಗೆಯೇ ಇತ್ತು. ಮಗಳು ಹತ್ತಿರದ ಕಾರ್ಪೊರೇಷನ್ ಶಾಲೆಗೆ ಹೋಗುತ್ತಿದ್ದಳು. ಆಗ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಶುರುವಾಯಿತು. ಊರವರು ಕೈಲಾದದ್ದು ಕೊಡಬೇಕು, ಉಳಿದದ್ದನ್ನು ಸರ್ಕಾರ ಹಾಕುತ್ತದೆ. ನಮ್ಮವರು ಕೇಳಿದ್ದೇ ತಡ, ನಮ್ಮ ಹೋಟೆಲಿನಿಂದ ಆಗಾಗ ಒಂದು ದೊಡ್ಡ ಪಾತ್ರೆ ಸಾಂಬಾರು ಕಳಿಸಲು ಶುರುಮಾಡಿದರು. ಎಲ್ಲಾ ಮಕ್ಕಳೂ ಸಾಲಾಗಿ ಕೂತು ನಮ್ಮ ಸಾಂಬಾರು ತಿಂದರು. ನಮ್ಮ ಮಗಳು ಮಾತ್ರ ಮನೆಯಿಂದ ಒಯ್ದ ಡಬ್ಬಿ ಬಿಚ್ಚಿ ಮೂಲೆಯಲ್ಲಿ ಕೂತಳು.

ಅವಳು ಸಂಜೆ ಬಂದು ಅಪ್ಪನ ಮುಂದೆ ನಿಂತಳು. "ಅಪ್ಪಯ್ಯ, ಅದು ನಮ್ಮದೇ ಸಾಂಬಾರಲ್ವಾ?"

"ಹೌದು."

"ಮತ್ತೆ ನಾನು ತಿಂದ್ರೆ ಎಂತ?"

"ಕೊಟ್ಟ ಮೇಲೆ ನಮ್ಮದಲ್ಲ ಮಗಾ."

ನನಗೆ ಸಿಟ್ಟು ಬಂತು. "ದೇವಸ್ಥಾನಕ್ಕೆ ಕಾಣಿಕೆ ಹಾಕಿ ಅಲ್ಲೇ ಪಂಕ್ತಿಯಲ್ಲಿ ಕೂತು ಊಟ ಮಾಡುದಿಲ್ವಾ ನೀವು? ಎರಡು ಸಲ ಪಾಯಸ ಹಾಕಿಸ್ಕೊಳ್ಳುದಿಲ್ವಾ?"

"ಅದು ಪ್ರಸಾದ. ಇದು ಸಾಂಬಾರು" ಎಂದರು.

ಅದಕ್ಕೆ ನಾನೂ ನಕ್ಕೆ, ಮಗಳೂ ನಕ್ಕಳು. ಎಲ್ಲಾ ಜಾತಿಯ ಮಕ್ಕಳ ಜೊತೆ ಕೂರಿಸಲು ಇವರಿಗೆ ಇಷ್ಟವಿಲ್ಲ, ಅದಕ್ಕೆ ಈ ನೆವ ಎಂದು ಕೆಲವರು ಆಡಿಕೊಂಡರು. ಸ್ವಲ್ಪ ಅದೂ ಇತ್ತೇನೋ, ನಾನು ಇಲ್ಲವೆನ್ನುವುದಿಲ್ಲ. ಆ ಕಾಲದ ಮಡಿ ಹಾಗಿತ್ತು. ಆದರೆ ಮುಂದೆ ನಡೆದದ್ದರಲ್ಲಿ ಮಡಿಯ ಮಾತೇ ಇರಲಿಲ್ಲ.

ಮಗಳು ಓದಿನಲ್ಲಿ ಚುರುಕು. ನಾನು ಹೆತ್ತವಳೆಂದು ಹೇಳುವುದಲ್ಲ, ಅವಳ ಹೆಡ್‌ಮಿಸ್ಟ್ರೆಸ್ಸೇ ಹೇಳಿದ ಮಾತು. ಹೈಸ್ಕೂಲಿಗೆ ಹೋದ ಮೇಲೆ ಮನೆಯಲ್ಲಿ ಅವಳ ಮಾತಿನ ತುಂಬ ತಮಿಳು ಬಂತು, ಪುಸ್ತಕದ ತಮಿಳು. ಅಪ್ಪನ ಹತ್ತಿರ ಮಾತ್ರ ನಮ್ಮ ಊರ ಕನ್ನಡವೇ. ಟೀಚರಾಗಬೇಕು ಎಂದು ಅವಳ ಆಸೆ. ಆಗಿನ ಹೈಸ್ಕೂಲಿನ ಕೊನೆಯದಾದ ಹನ್ನೊಂದನೇ ಕ್ಲಾಸು ಮುಗಿದು ಪಾಸಾದರೆ ಟ್ರೈನಿಂಗಿಗೆ ಸೇರಬಹುದು. ಬೆಳಿಗ್ಗೆ ಹೋಟೆಲಿಗೆ ಗಿರಾಕಿ ಬರುವ ಮುಂಚೆ ಖಾಲಿ ಮೇಜಿನ ಮೇಲೆ ಬೆರಳನ್ನು ನೀರಲ್ಲಿ ಅದ್ದಿ ಲೆಕ್ಕ ಬರೆದು ಮಾಣಿಗಳಿಗೆ ಪಾಠ ಹೇಳುತ್ತಿದ್ದಳು. "ಟೀಚರಮ್ಮಾ, ನೀರು ಆರಿಹೋಯ್ತು, ಲೆಕ್ಕವೂ ಹೋಯ್ತು" ಎಂದು ಅವರು ಕೀಟಲೆ ಮಾಡುವರು. "ನಿಮ್ಮ ತಲೆಯಲ್ಲಿ ಬರೆದ್ರೂ ಹಾಗೇ" ಎಂದು ಇವಳು ತಿರುಗಿ ಕೊಡುವಳು.

ಹೈಸ್ಕೂಲಿಗೆ ಫೀಸು ಕಟ್ಟಬೇಕಿತ್ತು. ಕಟ್ಟುತ್ತಿದ್ದೆವು. ಅಷ್ಟರಲ್ಲಿ ನಮ್ಮ ಸಂದಿಗೆ ಚರಂಡಿ ಹಾಕಲು ಅಗೆಯುವವರು ಬಂದರು. ಹೋಟೆಲಿನ ಬಾಗಿಲಿಗೇ ಗುಂಡಿ. ಮೇಲೆ ಒಂದು ಹಲಗೆ. ಆ ಹಲಗೆ ದಾಟಿ, ಮೂಗು ಮುಚ್ಚಿಕೊಂಡು, ಯಾರು ಬರುತ್ತಾರೆ ಕಾಫಿಗೆ? ನಮ್ಮವರು ಕೋಟೆ ಮಾಮನನ್ನು ಕೇಳಿದರು, "ನಾನು ಕಟ್ಟಿದ ದುಡ್ಡಿನಲ್ಲೇ ನನ್ನ ಬಾಗಿಲು ಅಗೆಯುದಾ ಸ್ವಾಮಿ?"

"ಅದು ಕೋಟೆ ಇಲ್ಲ ರಾಯರೇ, ಅದು ಕಾರ್ಪೊರೇಷನ್. ಬೇರೆ ಡಿಪಾರ್ಟ್‌ಮೆಂಟು, ಬೇರೆ ದುಡ್ಡು."

"ಗುಂಡಿ ಒಂದೇ ಅಲ್ವಾ?"

ಮಾಮನಿಗೂ ನಗು ಬಂತು. ಆದರೆ ನಗುವ ಕಾಲ ಅದಾಗಿರಲಿಲ್ಲ. ಅಗೆದದ್ದನ್ನು ಮುಚ್ಚುವುದರೊಳಗೆ ಮಳೆಗಾಲ ಬಂತು, ಗುಂಡಿಯಲ್ಲಿ ನೀರು ನಿಂತಿತು, ಕೆಲಸ ನಿಂತಿತು. ಲಾಡ್ಜಿನವರು ಬೇರೆ ಹೋಟೆಲು ಹಿಡಿದರು. ಅಡುಗೆಯವರಲ್ಲಿ ಒಬ್ಬರು ಊರಿಗೆ ಹೊರಟರು. ಒಲೆಯ ಮುಂದೆ ನಾನೇ ನಿಂತೆ. ದಿನಸಿಯವನಿಗೆ ಕೊಡುವುದೇ ಕಷ್ಟವಾಯಿತು. ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಳು. ಫೀಸು ಕಟ್ಟದವರನ್ನು ಕ್ಲಾಸಿನಲ್ಲಿ ಎದ್ದು ನಿಲ್ಲಲು ಹೇಳುತ್ತಿದ್ದರು. ಇವಳು ನಿಂತಳು.

ಆ ದಿನ ಬಂದು ಅವಳು ದೇವರ ಪಟದ ಕೆಳಗೆ ಕೂತಳು. ಅಳಲಿಲ್ಲ. ತಗಡಿನ ಡಬ್ಬಿಯ ಕಡೆ ನೋಡಿ, "ಅಪ್ಪಯ್ಯ, ಅದರಲ್ಲಿ ಉಂಟಲ್ಲ? ಮತ್ತೆ ಹಾಕಿದ್ರಾಯ್ತು" ಎಂದಳು.

ನಮ್ಮವರ ಮುಖ ಸಣ್ಣಗಾಯಿತು. "ಅದು ನಮ್ಮದಲ್ಲ ಮಗಾ" ಎಂದರು. ಸಿಟ್ಟಿನಿಂದಲ್ಲ, ಬೇಡಿಕೊಳ್ಳುವ ಹಾಗೆ.

ಆ ಮಾತಿಗೆ ನಾನು ಇಂದಿಗೂ ತಪ್ಪು ಹೇಳುವುದಿಲ್ಲ. ಗಿರಾಕಿ ನಂಬಿ ಕೊಟ್ಟದ್ದು ಅದು. ಮುಟ್ಟಬಾರದು, ಮುಟ್ಟಲಿಲ್ಲ, ಸರಿ. ನನಗೆ ಹೊಟ್ಟೆ ಉರಿಯುವುದು ಅದರ ನಂತರದ್ದಕ್ಕೆ.

ಹೆಡ್‌ಮಿಸ್ಟ್ರೆಸ್ಸು ಒಂದು ದಿನ ಸ್ವತಃ ಹೋಟೆಲಿಗೆ ಬಂದರು. ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು ಆ ಹಲಗೆ ದಾಟಿ ಬಂದರು, ಆ ತಾಯಿ. ನಾನು ಕಾಫಿ ಕೊಟ್ಟೆ. ಅವರು ತಮಿಳಿನಲ್ಲಿ ನಿಧಾನವಾಗಿ, ನಮಗೆ ತಿಳಿಯುವ ಹಾಗೆ ಹೇಳಿದರು: ಕಷ್ಟದಲ್ಲಿರುವವರ ಮಕ್ಕಳಿಗೆ ಸರ್ಕಾರವೇ ಫೀಸು ಮಾಫಿ ಮಾಡುತ್ತದೆ. ತಂದೆ ಒಂದು ಅರ್ಜಿಗೆ ಸಹಿ ಹಾಕಿದರೆ ಸಾಕು, ಉಳಿದದ್ದು ನನಗೆ ಬಿಡಿ. ಇಂಥ ಹುಡುಗಿಯನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ನಮ್ಮವರು ಕೈ ಮುಗಿದರು. "ಆ ದುಡ್ಡು ಎಲ್ಲಿಂದ ಅಮ್ಮಾ?"

"ಸರ್ಕಾರದಿಂದ."

"ಸರ್ಕಾರಕ್ಕೆ ಎಲ್ಲಿಂದ?"

ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ತೆರಿಗೆಯಿಂದ" ಎಂದರು.

"ಹಾಗಾದರೆ ಆಗ್ಲಿಕ್ಕಿಲ್ಲ ಅಮ್ಮಾ. ನಾನು ಕೊಡುವವನು. ನನಗೆ ಅದು ಬರಬಾರದು."

ಅವರು ನನ್ನ ಮುಖ ನೋಡಿದರು. ಇದೆಂಥ ಗರ್ವ ಎಂದುಕೊಂಡರೋ ಏನೋ. ಗರ್ವವಲ್ಲ ಎಂದು ಬಿಡಿಸಿ ಹೇಳುವಷ್ಟು ತಮಿಳು ನನಗೆ ಬರುತ್ತಿರಲಿಲ್ಲ.

ಅವರು ಹೋದ ಮೇಲೆ ನಾನು ಬಿಡಲಿಲ್ಲ. "ನಿಮ್ಮ ಮಗಳು ಹುಟ್ಟಿದ್ದು ಎಲ್ಲಿ? ಸರ್ಕಾರಿ ಆಸ್ಪತ್ರೆಯಲ್ಲಿ. ಅಲ್ಲಿ ಯಾರು ದುಡ್ಡು ಕೇಳಿದ್ರು?"

"ಅಲ್ಲಿಯ ಧರ್ಮದ ಪೆಟ್ಟಿಗೆಯಲ್ಲಿ ಹಾಕಿ ಬಂದಿದ್ದೇನೆ. ನಿನಗೆ ಹೇಳಿರ್ಲಿಲ್ಲ."

"ನಡೆಯುವ ರೋಡು?"

"ರೋಡಿನಲ್ಲಿ ಎಲ್ಲರೂ ನಡೀತಾರೆ. ನನಗೆ ಅಂತ ಹಾಕಿದ್ದಲ್ಲ. ಇದು ಹಾಗಲ್ಲ ಮಾರಾಯ್ತಿ. ಇದು ನಾನು ಹೆಸರು ಬರೆದು ಕೊಟ್ಟು, ನನಗೆ ಕೊಡಿ ಅಂತ ಕೇಳುದು."

ಅಲ್ಲಿಗೆ ಅವರ ಮನಸ್ಸಿನ ಗಂಟು ಎಲ್ಲಿದೆ ಎಂದು ನನಗೆ ಕಂಡಿತು. ಎಲ್ಲರಿಗೂ ಕೊಟ್ಟರೆ ತೆಗೆದುಕೊಳ್ಳಬಹುದು, ಕೇಳಿ ತೆಗೆದುಕೊಳ್ಳಬಾರದು. ನಾನು ಮಗಳನ್ನು ಕರೆದುಕೊಂಡು ಶಾಲೆಗೆ ಹೋದೆ. ನಾನು ಸಹಿ ಹಾಕುತ್ತೇನೆ ಎಂದೆ. ಕನ್ನಡದಲ್ಲಿ ಹೆಸರು ಬರೆಯಲು ನನಗೆ ಬರುತ್ತದೆ, ಎಷ್ಟು ಬೇಕಾದರೂ ಬರೆಯುತ್ತೇನೆ ಎಂದೆ. ಹೆಡ್‌ಮಿಸ್ಟ್ರೆಸ್ಸು ನನ್ನ ಕೈ ಹಿಡಿದುಕೊಂಡರು. ತಂದೆ ಬದುಕಿರುವಾಗ ತಂದೆಯ ಸಹಿಯೇ ಬೇಕು, ನಾನು ಏನು ಮಾಡಲಿ ಎಂದರು.

ಕೊನೆಯ ಆಸೆ ಕೋಟೆ ಮಾಮ. ನಾನೇ ಅವರನ್ನು ಕರೆಸಿ, ರೋಡಿನ ಮಾತಿನವರೆಗೆ ನಡೆದದ್ದೆಲ್ಲ ಹೇಳಿದೆ. ಅವರು ಆ ದಿನ ಕಾಫಿಯನ್ನೂ ಮುಟ್ಟಲಿಲ್ಲ.

"ರಾಯರೇ, ಬಜೆಟ್ ಹಾಕುವುದನ್ನು ನಾನು ದಿನಾ ನೋಡುತ್ತೀನಿ. ಅಲ್ಲಿ ಇರುವುದು ಒಂದೇ ಹಂಡೆ. ಭೂಮಿ ಕಂದಾಯ ಬಂದು ಬೀಳುತ್ತೆ, ನಿಮ್ಮ ಸೇಲ್ಸ್ ಟ್ಯಾಕ್ಸ್ ಬಂದು ಬೀಳುತ್ತೆ, ಡೆಲ್ಲಿಯಿಂದ ಪಾಲು ಬಂದು ಬೀಳುತ್ತೆ. ಕಲೆಸಿ ಆದ ಮೇಲೆ ಯಾವ ಸೌಟಿನಲ್ಲಿ ಯಾರ ಕಾಸು ಅಂತ ಯಾರಿಗೆ ತೆರಿಯುಂ, ಯಾರಿಗೆ ಗೊತ್ತು? ನೀವು ಹಾಕಿದ ಕಾಸೇ ನಿಮಗೆ ಬರುತ್ತೆ ಅಂತ ಯಾಕೆ ಎಣಿಸ್ತೀರಿ?"

"ಹುಂಡಿಯಲ್ಲೂ ಎಲ್ಲರ ಕಾಸೂ ಕಲೆಸಿಯೇ ಇರ್ತದೆ ಸ್ವಾಮಿ."

"ಐಯ್ಯೋ, ಇದು ಹುಂಡಿ ಇಲ್ಲ ರೀ! ಇದು ಜನಗಳ ದುಡ್ಡು. ಜನ ಅಂದರೆ ನೀವೂ ತಾನೇ?"

"ನನ್ನದಲ್ಲ ಅಂತ ಹೇಳಿದವರು ನೀವೇ ಅಲ್ವಾ? ಈ ಗಲ್ಲಾದ ಮುಂದೆ ನಿಂತು ಹೇಳಿದ್ರಿ."

ಮಾಮ ಕೈಯಲ್ಲಿದ್ದ ಕೊಡೆಯನ್ನು ಆ ಕಡೆ ಈ ಕಡೆ ಮಾಡಿದರು. "ನಾನು ಹೇಳಿದ್ದು ವಸೂಲಿಗೆ. ಖರ್ಚಿನ ಕಥೆ ಬೇರೆ. ಅರ್ಧ ಹೇಳಿ ಹೋಗಿಬಿಟ್ಟೆನಮ್ಮಾ" ಎಂದು ನನ್ನ ಕಡೆ ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು. ದೊಡ್ಡ ಮನುಷ್ಯರು. ಆಮೇಲೆ ಫೀಸನ್ನು ತಾವೇ ಕಟ್ಟುತ್ತೇನೆ ಎಂದರು. ಅದಕ್ಕೂ ನಮ್ಮವರು ಒಪ್ಪಲಿಲ್ಲ. ಗಿರಾಕಿಯ ಋಣದಲ್ಲಿ ಮಗಳು ಓದಬಾರದು ಎಂದರು.

ಎಲ್ಲವನ್ನೂ ಮಗಳು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದಳು. ಮಾಮ ಹೊರಟ ಮೇಲೆ ಕೆಳಗಿಳಿದು ಬಂದು, ಕೈ ತೊಳೆದು, ನನ್ನ ಪಕ್ಕದಲ್ಲಿ ಕೂತು ತೆಂಗಿನಕಾಯಿ ತುರಿಯಲು ಶುರುಮಾಡಿದಳು. ಮರುದಿನ ಶಾಲೆಗೆ ಹೊರಡಲಿಲ್ಲ. "ಹೋಗು" ಎಂದೆ. "ಎದ್ದು ನಿಲ್ಲಲಿಕ್ಕೆ ನಂಗೆ ಆಗುದಿಲ್ಲ ಅಮ್ಮ" ಎಂದಳು. ಆಮೇಲೆ ಮಾಣಿಗಳು ಟೀಚರಮ್ಮಾ ಎಂದು ಕರೆಯುವುದನ್ನೂ ನಿಲ್ಲಿಸಿದರು. ಯಾರೂ ಅವರಿಗೆ ಹೇಳಿರಲಿಲ್ಲ.

ನಮ್ಮವರು ಅವಳಿಗಾಗಿ ದುಡ್ಡು ಕೂಡಿಸಲು ಬಹಳ ಹೆಣಗಿದರು. ಅದನ್ನು ನಾನು ಹೇಳದಿದ್ದರೆ ಅನ್ಯಾಯವಾಗುತ್ತದೆ. ತಮ್ಮ ಕಾಫಿ ಬಿಟ್ಟರು, ವೀಳ್ಯ ಬಿಟ್ಟರು, ವರ್ಷಕ್ಕೊಮ್ಮೆ ಊರಿಗೆ ಹೋಗುವುದನ್ನೂ ಬಿಟ್ಟರು. ಮುಂದಿನ ವರ್ಷ ಸೇರಿಸುತ್ತೇನೆ ಎನ್ನುತ್ತಿದ್ದರು. ಗುಂಡಿ ಮುಚ್ಚಿತು, ಗಿರಾಕಿಗಳೂ ಒಬ್ಬೊಬ್ಬರಾಗಿ ತಿರುಗಿ ಬಂದರು. ಆದರೆ ಅಷ್ಟರಲ್ಲಿ ಹುಡುಗಿ ದೊಡ್ಡವಳಾದಳು, ಸಂಬಂಧ ಬಂತು. ಮದ್ರಾಸಿನ ಹೊರಗೆ ಮಾಧವರಂನಲ್ಲಿ ಹಾಲಿನ ಡೈರಿಯ ಕೆಲಸದಲ್ಲಿದ್ದ ಹುಡುಗ, ನಮ್ಮ ಕಡೆಯವನೇ, ಒಳ್ಳೆಯವನು. ಮದುವೆಯಾಯಿತು. ಹೆಣ್ಣುಮಗು ಹುಟ್ಟಿತು. ಈಗ ನಾನು ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಸುದ್ದಿ ಹೇಳುತ್ತಿರುವುದು ಆ ಮಗುವಿನದೇ.

ಮಗುವಿಗೆ ಹಲ್ಲು ಬರುತ್ತಿದ್ದ ಸಮಯ. ಒಂದು ದಿನ ಕೋಟೆ ಮಾಮ ಕಚೇರಿಯಿಂದ ನೇರವಾಗಿ ಹೋಟೆಲಿಗೆ ಬಂದರು. ಬಂದವರು ಗಲ್ಲಾದ ಮುಂದೆ ನಿಂತರೇ ಹೊರತು ಕೂರಲಿಲ್ಲ. ಹೈಸ್ಕೂಲು ಮುಗಿಯುವವರೆಗೂ ಇನ್ನು ಎಲ್ಲಾ ಮಕ್ಕಳಿಗೂ ಫೀಸಿಲ್ಲ ಎಂದರು. ಬಡವರು, ಬಲ್ಲಿದರು ಎಂದಿಲ್ಲ. ಅರ್ಜಿಯೂ ಇಲ್ಲ, ಸಹಿಯೂ ಇಲ್ಲ. ಯಾರೂ ಕೇಳಬೇಕಾಗಿಲ್ಲ.

ಹೇಳಿ ಅವರು ತಲೆ ತಗ್ಗಿಸಿದರು. ಸಂತೋಷದ ಸುದ್ದಿಯನ್ನು ಸಾವಿನ ಸುದ್ದಿಯ ಹಾಗೆ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ನಮ್ಮವರು ಚಿಲ್ಲರೆ ಎಣಿಸುತ್ತಿದ್ದ ಕೈ ನಿಲ್ಲಿಸಿದರು. "ಎಲ್ಲರಿಗೂ?" ಎಂದು ಕೇಳಿದರು.

"ಎಲ್ಲರಿಗೂ ರಾಯರೇ. ರೋಡು ಇದ್ದ ಹಾಗೆ."

ಆ ಭಾನುವಾರ ನಮ್ಮವರು ಹೋಟೆಲನ್ನು ಮಾಣಿಗಳಿಗೆ ಒಪ್ಪಿಸಿ, ನನ್ನನ್ನು ಕರೆದುಕೊಂಡು ಮಾಧವರಂಗೆ ಹೊರಟರು. ಬಸ್ಸು ಇಳಿದು ಬಿಸಿಲಿನಲ್ಲಿ ಬಹಳ ದೂರ ನಡೆಯಬೇಕು. ಮಗಳು ಅಂಗಳದಲ್ಲಿ ಮಗುವಿನ ಬಟ್ಟೆ ಹಿಂಡಿ ಹಾಕುತ್ತಿದ್ದಳು. ನಮ್ಮನ್ನು ಕಂಡು ಓಡಿ ಬಂದು ಮಗುವನ್ನು ಅಪ್ಪನ ಕೈಗೆ ಕೊಟ್ಟಳು. ಅಳಿಯ ಕೆಲಸಕ್ಕೆ ಹೋಗಿದ್ದ. ಮಜ್ಜಿಗೆ ಕುಡಿದದ್ದಾಯಿತು, ಕ್ಷೇಮಸಮಾಚಾರವಾಯಿತು. ನಮ್ಮವರು ಮಗುವನ್ನು ತೊಡೆಯ ಮೇಲೆ ಆಡಿಸುತ್ತಾ, ಮಗುವನ್ನೇ ನೋಡುತ್ತಾ, ಮಗಳನ್ನು ಕೇಳಿದರು:

"ಈಗ ಹೈಸ್ಕೂಲಿಗೆ ಫೀಸಿಲ್ಲ ಅಂತೆ. ಎಲ್ಲರಿಗೂ. ಈಗ... ನಿನಗೆ ಮತ್ತೆ ಹೋಗ್ಲಿಕ್ಕೆ ಆಗ್ತದಾ ಮಗಾ?"

ಇಪ್ಪತ್ತು ತುಂಬದ ಹುಡುಗಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ತೋಳಿನವರೆಗೆ ಸೋಪಿನ ನೀರು. ಅವಳು ಅಪ್ಪನನ್ನು ನೋಡಿದಳು. ಅವರು ತಮಾಷೆ ಮಾಡುತ್ತಿಲ್ಲ ಎಂದು ತಿಳಿಯಿತು. ಗಂಡನ ಮನೆ, ಕೂಸು, ಕಳೆದುಹೋದ ವರ್ಷಗಳು, ಯಾವುದೂ ಆ ಮನುಷ್ಯನ ಲೆಕ್ಕದಲ್ಲಿ ಇರಲಿಲ್ಲ. ಬಾಗಿಲು ತೆರೆದಿದೆ ಎಂದು ಯಾರೋ ಹೇಳಿದ್ದಕ್ಕೆ ಮಗಳ ಕೈ ಹಿಡಿದು ಒಳಗೆ ಬಿಡಲು ಬಂದಿದ್ದರು.

"ಪರವಾಯಿಲ್ಲೆ ಅಪ್ಪಾ," ಎಂದಳು ಮಗಳು, ತಮಿಳಿನಲ್ಲಿ. "ಅದೆಲ್ಲಾಂ ಮುಡಿಂಜು ಪೋಚ್ಚು." ಅದೆಲ್ಲ ಮುಗಿದುಹೋಯಿತು ಎಂದು. ಹೇಳಿ ನಗುಮುಖದಿಂದಲೇ ಮಗುವನ್ನು ತೆಗೆದುಕೊಂಡು ಒಳಗೆ ಹೋದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ನಮ್ಮವರು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. "ನನ್ನ ಹತ್ತಿರ ಅವಳು ಯಾಕೆ ತಮಿಳು ಮಾತಾಡಿದ್ಳು?" ಎಂದು ಕೇಳಿದರು.

ನನಗೆ ಗೊತ್ತಿತ್ತು. ನಮ್ಮ ಮಾತಿನಲ್ಲಿ ಹೇಳಲು ಹೋಗಿದ್ದರೆ ಅವಳಿಗೆ ಅಳು ಬರುತ್ತಿತ್ತು. ಶಾಲೆಯ ಭಾಷೆಯಲ್ಲಾದರೆ ಪಾಠ ಒಪ್ಪಿಸಿದ ಹಾಗೆ ಹೇಳಿ ಮುಗಿಸಬಹುದು.

"ಅಭ್ಯಾಸ ಆಗಿದೆ ಅವಳಿಗೆ" ಎಂದೆ. ಅವರು ತಲೆಯಾಡಿಸಿದರು. ಕಂಡಕ್ಟರು ಬಂದು ಟಿಕೇಟು ಕೇಳಿದಾಗ, ಜೇಬಿನಲ್ಲಿ ಕೈಯಿಟ್ಟವರು ಎಲ್ಲಿಗೆ ಎಂದು ಹೇಳಲಾರದೆ ನನ್ನ ಮುಖ ನೋಡಿದರು.